ಪಂಪನಿಂದ ಪಂಪಿನವರೆಗೆ

ಹತ್ತೊಂಬತ್ತು ವರ್ಷಗಳಿಂದ ಆದಿಕವಿ ಪಂಪನನ್ನು ತರಗತಿಯಲ್ಲಿ ಬೋಧಿಸುತ್ತ ಬಂದಿರುವ ನಾನು ಒಂದು ದಿನ ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಯೊಂದರ ಮುಂದೆ ನಿಂತು, “ನಿಮ್ಮಲ್ಲಿ ಪಂಪು ದೊರೆಯುವುದೇ?” ಎಂದು ಕೇಳಬೇಕಾಗಿ ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ನನ್ನ ಸಹೋದ್ಯೋಗಿಗಳು ಈ ಶ್ಲೇಷೆಯನ್ನು ಮೂರು ತಿಂಗಳ ಕಾಲ ಮನದಣಿಯೆ ಸವಿದಿದ್ದಾರೆ. ವಾಚಕರೂ ಒಮ್ಮೆ ನಕ್ಕುಬಿಡಲಿ. ಆಮೇಲೆ ಈ ಪ್ರಸಂಗವನ್ನು ಸ್ವಲ್ಪ ಸಾವಧಾನದಿಂದ ಕೇಳಬೇಕೆಂದು ನನ್ನ ಬಿನ್ನಹ. ಏಕೆಂದರೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಆ ವಸ್ತು, ಇಷ್ಟು ವರ್ಷ ನಾನು ಪುಸ್ತಕ ಹಿಡಿದು ಹೇಳುತ್ತಿದ್ದ ಒಂದು ಪಾಠವನ್ನು ನನಗೇ ಹೊಸದಾಗಿ ಕಲಿಸಿತು.

ಹಾಸನದ ನಮ್ಮ ಮನೆಯಲ್ಲಿ ಒಂದು ಡೇವೂ ಸಿಯೆಲೋ ಕಾರಿದೆ, 1996ರಲ್ಲಿ ನೋಂದಣಿಯಾದುದು. ‘ಸಿಯೆಲೋ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಆಕಾಶ. ಕೊರಿಯಾ ದೇಶದ ಡೇವೂ ಸಂಸ್ಥೆಯ ಈ ಕಾರು 1995ರಲ್ಲಿ ನಮ್ಮ ದೇಶಕ್ಕೆ ಬಂದಿತು. ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ತಯಾರಾಗುತ್ತಿತ್ತು. 2000ದ ನವೆಂಬರಿನಲ್ಲಿ ಕೊರಿಯಾದ ಮೂಲ ಸಂಸ್ಥೆ ದಿವಾಳಿಯಾಯಿತು. 2002ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಅದರ ಬಹುಭಾಗವನ್ನು ಕೊಂಡಿತಾದರೂ ಭಾರತದ ಕಾರ್ಖಾನೆ ಆ ವ್ಯವಹಾರದಲ್ಲಿ ಸೇರಲಿಲ್ಲ. ತಾಯಿಯಿಲ್ಲದ ಮಗುವಿನ ಪಾಡು ಆ ಕಾರುಗಳದಾಯಿತು. ಅದೇ ವರ್ಷ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ನಮ್ಮ ತಂದೆಯವರು ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರಿಂದ ಇದನ್ನು ಕೊಂಡರು. ಕಂಪನಿ ಮುಳುಗಿತೆಂಬ ಸುದ್ದಿಯಿಂದ ಬೆಲೆ ಕುಸಿದಿದ್ದುದರಿಂದಲೇ ಅದು ಮೇಷ್ಟ್ರೊಬ್ಬರ ಕೈಗೆ ಎಟುಕಿತು. “ನಾಳೆ ಕೆಟ್ಟರೆ ಸಾಮಾನು ಸಿಗುವುದಿಲ್ಲ” ಎಂದು ಬಂಧುಗಳೆಲ್ಲ ಎಚ್ಚರಿಸಿದರು. ಆ ‘ನಾಳೆ’ ಬರಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ವಿಜ್ಞಾನ ಬೋಧಿಸುತ್ತಿದ್ದ ತಂದೆಯವರು ನನಗೆ ಕಾರು ನಡೆಸುವುದನ್ನು ಕಲಿಸುವಾಗ ಮೊದಲು ಹೇಳಿಕೊಟ್ಟುದು ಕಾಯುವುದನ್ನು. “ಕೀಲಿಯನ್ನು ಅರ್ಧ ತಿರುಗಿಸಿ ನಿಲ್ಲಿಸು. ಹಿಂದಿನಿಂದ ಗುಂಯ್ ಎಂದು ಒಂದು ಸದ್ದು ಬರುತ್ತದೆ. ಎರಡು ಸೆಕೆಂಡು ಅಷ್ಟೆ. ಅದು ನಿಂತಮೇಲೆ ಪೂರ್ತಿ ತಿರುಗಿಸು. ಮೊದಲು ಅದು ಹೇಳುವುದನ್ನು ಕೇಳಿಸಿಕೋ, ಆಮೇಲೆ ನೀನು ಹೇಳುವೆಯಂತೆ.” ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕಿನೊಳಗೆ ಮುಳುಗಿರುವ ವಿದ್ಯುತ್ ಪಂಪು ತನ್ನ ಕೆಲಸಕ್ಕೆ ಅಣಿಯಾಗುವ ಸದ್ದು ಅದು.

ಈ ಪಂಪಿನ ಬಗೆಯನ್ನು ಎರಡು ಮಾತಿನಲ್ಲಿ ತಿಳಿಸದಿದ್ದರೆ ಮುಂದಿನ ಕಥೆ ಅರ್ಥವಾಗಲಾರದು. ಕಾರ್ಬುರೇಟರ್ ಇದ್ದ ಹಳೆಯ ಗಾಡಿಗಳಲ್ಲಿ ಪಂಪು ಸಾಮಾನ್ಯವಾಗಿ ಎಂಜಿನ್ನಿನ ಮಗ್ಗುಲಲ್ಲೇ ಇರುತ್ತಿತ್ತು. ಎಂಜಿನ್ ತಿರುಗಿದಂತೆ ಅದರೊಳಗಿನ ಪೊರೆ ಮೇಲೆ ಕೆಳಗೆ ಆಡಿ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುತ್ತಿತ್ತು. ಕಾರ್ಬುರೇಟರಿನ ಬಟ್ಟಲು ತುಂಬಿದರೆ ಸಾಕು; ಒತ್ತಡ 0.2 ಅಥವಾ 0.3 ಬಾರ್ ಇದ್ದರೆ ಧಾರಾಳವಾಯಿತು. ಇಂಜೆಕ್ಷನ್ ಪದ್ಧತಿಯಲ್ಲಿ ಹಾಗಲ್ಲ. ಸೂಜಿಯ ಮೊನೆಯಂಥ ರಂಧ್ರಗಳಿಂದ ಪೆಟ್ರೋಲು ಮಂಜಿನಂತೆ ಸಿಡಿಯಬೇಕು. ಅದಕ್ಕೆ ನಮ್ಮ ಕಾರಿನಲ್ಲಿ ಸುಮಾರು 3 ಬಾರ್ ಒತ್ತಡ ಬೇಕು. ಎಂದರೆ ಮೊದಲಿನದರ ಹತ್ತು ಪಟ್ಟು. ದೂರದಿಂದ ಹೀರಿ ತಂದರೆ ಪೆಟ್ರೋಲು ಬಿಸಿಲ ಝಳಕ್ಕೆ ನಳಿಕೆಯಲ್ಲೇ ಆವಿಯಾಗಿ ಹರಿವು ಕಡಿದುಹೋಗುವ ಭಯವುಂಟು. ಆದುದರಿಂದ ಪಂಪನ್ನು ಟ್ಯಾಂಕಿನೊಳಗೇ ಇರಿಸಿ ಅಲ್ಲಿಂದಲೇ ತಳ್ಳಿಸುತ್ತಾರೆ. ಪೆಟ್ರೋಲಿನಲ್ಲಿ ವಿದ್ಯುತ್ ಮೋಟಾರನ್ನು ಮುಳುಗಿಸುವುದೇ ಎಂದು ನಾನೂ ಬೆರಗಾಗಿದ್ದೆನು. ಬೆಂಕಿ ಹೊತ್ತಲು ಗಾಳಿ ಬೇಕು; ಆ ಮೋಟಾರಿನ ಒಳಗೆ ಇರುವುದೆಲ್ಲ ಪೆಟ್ರೋಲೇ. ಅದೇ ಪೆಟ್ರೋಲು ಅದರ ಮೈಯನ್ನು ತಂಪಾಗಿಯೂ ಇಡುತ್ತದೆ, ನುಣುಪಾಗಿಯೂ ಇಡುತ್ತದೆ. ಟ್ಯಾಂಕನ್ನು ಸದಾ ಬರಿದಾಗಿಸಿಕೊಂಡು ಓಡಿಸುವವರ ಪಂಪು ಬೇಗ ಸಾಯುವುದೇಕೆಂದರೆ ಇದೇ ಕಾರಣ.

ನಮ್ಮದು ಸತ್ತುದು ಬೇಲೂರಿನಿಂದ ಹಾಸನಕ್ಕೆ ಮರಳುವ ಹಾದಿಯಲ್ಲಿ. ತಂದೆಯವರು ಎಂದಿನಂತೆ ಹಿಂದಿನ ಸೀಟಿನಲ್ಲಿದ್ದರು. ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತಿತು. ನಾನು ಮತ್ತೆ ಮತ್ತೆ ಕೀಲಿ ತಿರುಗಿಸುತ್ತಿರಲು ಅವರು, “ಸುಮ್ಮನೆ ಬ್ಯಾಟರಿ ಕೊಲ್ಲಬೇಡ ಕಣೋ. ಪಂಪು ಓಡುತ್ತಿಲ್ಲ” ಎಂದರು. ಅವರಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದವಾಗಿದೆ. “ನಿಮಗೆ ಹೇಗೆ ತಿಳಿಯಿತು?” ಎಂದು ಗಟ್ಟಿಯಾಗಿ ಕೇಳಿದೆನು. “ಸೀಟು ನಡುಗಲಿಲ್ಲ” ಎಂದರು. ಸೀಟಿನ ಮೇಲೆ ಊರಿದ ಅಂಗೈಯೇ ಅವರಿಗೆ ಕಿವಿಯಾಗಿತ್ತು.

ಊರಿನಲ್ಲಿ ಈ ಕಾರನ್ನು ಮೊದಲಿನಿಂದ ನೋಡಿಕೊಂಡು ಬಂದಿರುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ಪೋರ್ಚುಗೀಸರ ‘ಮೆಸ್ತ್ರೆ’ ನಮ್ಮಲ್ಲಿ ಮೇಸ್ತ್ರಿಯಾಯಿತು, ಇಂಗ್ಲಿಷರ ‘ಮಾಸ್ಟರ್’ ಮೇಷ್ಟ್ರಾಯಿತು. ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಶಬ್ದ. ಹೀಗೆ ಅವರೂ ನಾನೂ ಶಬ್ದಶಾಸ್ತ್ರದ ಪ್ರಕಾರ ದಾಯಾದಿಗಳು. ಫೋನಿನಲ್ಲಿ ನನ್ನ ಅಳಲು ಕೇಳಿದ ಮೇಸ್ತ್ರಿಗಳು, “ಮೇಷ್ಟ್ರೇ, ಒಂದು ಮರದ ತುಂಡು ತಗೊಳ್ಳಿ. ಹಿಂದಿನ ಸೀಟಿನ ನೇರಕ್ಕೆ ಟ್ಯಾಂಕಿನ ತಳ ಇದೆ. ಮೆಲ್ಲಗೆ ನಾಲ್ಕು ಏಟು ಹಾಕಿ. ಎದ್ದರೂ ಎದ್ದೀತು” ಎಂದರು. ಹಾಗೆಯೇ ಮಾಡಿದೆನು. ನಿದ್ದೆಗಣ್ಣಿನ ಹುಡುಗನಂತೆ ಪಂಪು ಗೊಣಗುತ್ತ ಎದ್ದಿತು. ಮನೆಯ ಬಾಗಿಲವರೆಗೆ ನಮ್ಮನ್ನು ತಲುಪಿಸಿ ಮರುದಿನ ಬೆಳಗ್ಗೆ ಶಾಶ್ವತವಾಗಿ ಮಲಗಿತು.

ಮೇಸ್ತ್ರಿಗಳು ಬಂದವರೇ ಪಂಪನ್ನು ಮುಟ್ಟಲಿಲ್ಲ. ಮೊದಲು ಫ್ಯೂಸು, ಆಮೇಲೆ ರಿಲೇ, ಅನಂತರ ಪಂಪಿನ ತಂತಿಯ ತುದಿಯಲ್ಲಿ ವೋಲ್ಟೇಜು. “ಅರ್ಧಕ್ಕರ್ಧ ಜನ ಒಳ್ಳೆಯ ಪಂಪನ್ನೇ ಕಿತ್ತು ಬಿಸಾಕ್ತಾರೆ, ಮೇಷ್ಟ್ರೇ. ಹಳೇ ತಂತಿಯಲ್ಲಿ ಹನ್ನೆರಡು ವೋಲ್ಟು ಹೊರಟು ಒಂಬತ್ತೋ ಹತ್ತೋ ತಲುಪಿದರೆ ಪಂಪು ಪಾಪ ಏನು ಮಾಡುತ್ತೆ?” ಎಂದರು. ನಮ್ಮಲ್ಲಿ ಹನ್ನೆರಡೂ ಸರಿಯಾಗಿ ತಲುಪುತ್ತಿದ್ದುವು. ಆಗ ಬ್ಯಾಟರಿಯ ತಂತಿ ಬಿಚ್ಚಿ, ನಳಿಕೆಯಲ್ಲಿ ಉಳಿದಿದ್ದ ಒತ್ತಡವನ್ನು ಇಳಿಸಿ, ನನ್ನ ಮೊಬೈಲು ಫೋನನ್ನು ಮಾರುದೂರ ಇರಿಸಲು ಹೇಳಿ, ಹಿಂದಿನ ಸೀಟನ್ನು ಎತ್ತಿದರು.

ಇಪ್ಪತ್ತು ವರ್ಷ ಯಾವುದರ ಮೇಲೆ ಕುಳಿತು ತಿರುಗಿದ್ದೆವೋ ಅದನ್ನು ಅಂದೇ ಮೊದಲು ಕಂಡುದು. ದುಂಡನೆಯ ಒಂದು ಮುಚ್ಚಳ. ಅದರ ಸುತ್ತ ಧೂಳು. ಧೂಳಿನಲ್ಲಿ ಒಂದು ಸುಣ್ಣದ ಬಳಪದ ಚೂರು, ಇಪ್ಪತ್ತೈದು ಪೈಸೆಯ ಒಂದು ನಾಣ್ಯ, ಒಂದು ಹೇರ್‌ಪಿನ್ನು. ನಮ್ಮ ತಾಯಿಯವರು ತೀರಿಕೊಂಡು ಆರು ವರ್ಷವಾಗಿದೆ. ತಂದೆಯವರು ಬಾಗಿ ಆ ಪಿನ್ನನ್ನು ತೆಗೆದು, ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಂಡು ಜಗಲಿಗೆ ಹೋಗಿ ಕುಳಿತರು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಕಾರಿನ ನೋಂದಣಿಯ ಅವಧಿ ಮುಗಿಯಲು ಆಗ ಇನ್ನು ನಾಲ್ಕು ತಿಂಗಳು ಮಾತ್ರ ಉಳಿದಿತ್ತು. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷದ್ದು. ಅನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆಯಾಗಿ ನವೀಕರಣವಾಗಬೇಕು. ನಿಂತ ಗಾಡಿಗೆ ತಪಾಸಣೆಯೆಲ್ಲಿ? ಇತ್ತ ‘ಕ್ಲಾಸಿಕ್’ ಎಂಬ ಗೌರವವೂ ಅದಕ್ಕಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ ಪುರಾತನವೆಂಬ ಮನ್ನಣೆಯೂ ಪ್ರತ್ಯೇಕ ಸಂಖ್ಯಾಫಲಕವೂ ದೊರೆಯುತ್ತವೆ. ಮೂವತ್ತರ ಆಸುಪಾಸಿನ ಗಾಡಿ ಹೊಸದೂ ಅಲ್ಲ, ಪುರಾತನವೂ ಅಲ್ಲ. ವಿದೇಶದಲ್ಲಿರುವ ನನ್ನ ತಮ್ಮ, “ಗುಜರಿಗೆ ಕೊಟ್ಟುಬಿಡು ಅಣ್ಣ. ಅಪ್ಪನಿಗೆ ಹೊಸ ಕಾರನ್ನು ನಾನು ಕೊಡಿಸುತ್ತೇನೆ” ಎಂದನು, ಅವನ ಮಾತಿನಲ್ಲಿ ಪ್ರೀತಿಯೇ ಇತ್ತು. ಗುಜರಿಯವನೊಬ್ಬನು ಬಂದು ನೋಡಿ ತೂಕದ ಲೆಕ್ಕದಲ್ಲಿ ಬೆಲೆ ಹೇಳಿಯೂ ಹೋದನು.

ತಂದೆಯವರ ಅಭಿಪ್ರಾಯವನ್ನು ಕೇಳಿದೆನು. ಬಹಳ ಹೊತ್ತು ಸುಮ್ಮನಿದ್ದು, “ಆಯುಸ್ಸು ಮುಗಿದಿದ್ದರೆ ಹೋಗಲಿ. ನಾನೇನೂ ಹಿಡಿದುಕೊಳ್ಳುವುದಿಲ್ಲ. ಆದರೆ ಅಂಗೈಯಷ್ಟು ಸಾಮಾನು ಹುಡುಕಲಾರದೆ ಕೊಂದೆವು ಎಂದಾಗಬಾರದು” ಎಂದರು.

ಹೀಗೆ ನನ್ನ ಅನ್ವೇಷಣೆ ಮೊದಲಾಯಿತು. ಪುರಭವನದಿಂದ ಮಿನರ್ವ ವೃತ್ತದವರೆಗೆ ಸಾಗುವ ಜೆ. ಸಿ. ರಸ್ತೆ ನನಗೆ ಅಪರಿಚಿತವೇನಲ್ಲ. ರವೀಂದ್ರ ಕಲಾಕ್ಷೇತ್ರದ ನಾಟಕಗಳಿಗೆ, ಕನ್ನಡ ಭವನದ ಗೋಷ್ಠಿಗಳಿಗೆ ಹೋಗಿ ಬಂದು ಆ ರಸ್ತೆಯನ್ನು ಸರಸ್ವತಿಯ ಬೀದಿಯೆಂದೇ ಭಾವಿಸಿದ್ದೆನು. ಅಲ್ಲಿ ಸಾಲುಸಾಲಾಗಿ ಮೋಟಾರು ಬಿಡಿಭಾಗಗಳ ಅಂಗಡಿಗಳಿವೆಯೆಂಬುದು ಕಣ್ಣಿಗೆ ಬಿದ್ದಿದ್ದರೂ ಮನಸ್ಸಿಗೆ ಬಿದ್ದಿರಲಿಲ್ಲ. ಏಳು ಅಂಗಡಿಗಳಲ್ಲಿ “ಸಿಯೆಲೋ ಕಾರಿನ ಪಂಪು” ಎಂದು ಕೇಳಿದೆನು. ಒಬ್ಬರು ನಕ್ಕರು. ಒಬ್ಬರು, “ನಮ್ಮ ತಂದೆಯವರ ಕಾಲದಲ್ಲಿ ಇತ್ತು ಸಾರ್” ಎಂದರು. ಮತ್ತೊಬ್ಬರು ದೆಹಲಿಯ ಕಾಶ್ಮೀರಿ ಗೇಟಿನ ಕಡೆಗೆ, ಇನ್ನೊಬ್ಬರು ಚೆನ್ನೈಯ ಪುದುಪೇಟೆಯ ಕಡೆಗೆ ಕೈ ತೋರಿದರು. ಕೊನೆಗೆ ಬೇರೊಂದು ಬೀದಿಯಲ್ಲಿ, “ಇದು ಎಲ್ಲ ಗಾಡಿಗೂ ಆಗುತ್ತದೆ” ಎಂದು ಹೇಳಿ ಒಬ್ಬರು ಕೊಟ್ಟ ಪೆಟ್ಟಿಗೆಯನ್ನು ಕೃತಕೃತ್ಯನಂತೆ ಎದೆಗವಚಿಕೊಂಡು ಹಾಸನದ ಬಸ್ಸು ಹತ್ತಿದೆನು.

ಮೇಸ್ತ್ರಿಗಳು ಅದಕ್ಕೆ ಒತ್ತಡದ ಗೇಜು ಕಟ್ಟಿ ಓಡಿಸಿ ತೋರಿಸಿದರು. ಮುಳ್ಳು ಅರ್ಧ ಬಾರನ್ನೂ ಮುಟ್ಟಲಿಲ್ಲ. ಅದು ಕಾರ್ಬುರೇಟರಿನ ಗಾಡಿಗೆ ಹೊರಗಿನಿಂದ ಕಟ್ಟುವ ಪಂಪು. “ಎಲ್ಲಕ್ಕೂ ಆಗುತ್ತದೆ ಅಂದರೆ ಯಾವುದಕ್ಕೂ ಸರಿಯಾಗಿ ಆಗುವುದಿಲ್ಲ ಅಂತ ಅರ್ಥ, ಮೇಷ್ಟ್ರೇ” ಎಂದು ಅವರು ನಿಟ್ಟುಸಿರಿಟ್ಟರು.

ಎರಡನೆಯ ಸಲ ಸತ್ತ ಪಂಪನ್ನೇ ಕೈಚೀಲದಲ್ಲಿ ಇಟ್ಟುಕೊಂಡು ಹೋದೆನು. ಜೆ. ಸಿ. ರಸ್ತೆಯ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ವೃದ್ಧರೊಬ್ಬರು ಅದನ್ನು ತಿರುಗಿಸಿ ನೋಡಿದರು. ಮೈಮೇಲಿನ ಅಕ್ಷರಗಳೆಲ್ಲ ಪೆಟ್ರೋಲಿನಲ್ಲಿ ಕರಗಿಹೋಗಿದ್ದುವು. ಅವರು ಹೇಳಿದ ಮಾತನ್ನು ನಾನು ಎಂದಿಗೂ ಮರೆಯಲಾರೆ: “ಸಾರ್, ಗಾಡಿಯ ಹೆಸರು ಹೇಳಬೇಡಿ. ಆ ಹೆಸರಿನ ಡಬ್ಬಿ ಇನ್ನು ಬರುವುದಿಲ್ಲ. ಎಷ್ಟು ಒತ್ತಡ, ಗಂಟೆಗೆ ಎಷ್ಟು ಲೀಟರು, ಮೈ ಎಷ್ಟು ದಪ್ಪ, ಬಾಯಿ ಯಾವ ಕಡೆಗೆ, ತಂತಿಯ ಕೊಂಡಿ ಎಂಥದು, ಇಷ್ಟು ಹೇಳಿ. ಇದೇ ಮೈಯ ಪಂಪು ಬೇರೆ ಹೆಸರಿನಲ್ಲಿ ಇದ್ದೇ ಇರುತ್ತದೆ.”

ವಾಚಕರೇ, ನಾನು ಅಂಗಡಿಯ ಮೆಟ್ಟಿಲ ಮೇಲೆ ಒಂದು ಕ್ಷಣ ಕುಳಿತುಬಿಟ್ಟೆನು. ಗ್ರಂಥಸಂಪಾದನೆಯ ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುವುದೂ ಇದೇ ಅಲ್ಲವೇ! ಓಲೆಯ ಗರಿ ಮುರಿದು ಪದ್ಯದಲ್ಲಿ ಒಂದು ಶಬ್ದ ಲೋಪವಾಗಿದೆ. ಗ್ರಂಥಪಾತ ಎನ್ನುತ್ತೇವೆ ಅದನ್ನು. ಬಾಯಿಗೆ ಬಂದ ಶಬ್ದವನ್ನು ಅಲ್ಲಿ ತುಂಬುವಂತಿಲ್ಲ. ಎಷ್ಟು ಮಾತ್ರೆ, ಯಾವ ಗಣ, ಪ್ರಾಸಾಕ್ಷರ ಯಾವುದು, ಹಿಂದುಮುಂದಿನ ಅರ್ಥ ಏನನ್ನು ಬೇಡುತ್ತದೆ ಎಂದು ನೋಡಬೇಕು. ಆ ಅಳತೆಗಳೆಲ್ಲ ಕೂಡಿ ಲೋಪವಾದ ಶಬ್ದದ ಆಕಾರವನ್ನು ಕೊರೆದು ತೋರಿಸುತ್ತವೆ. ಅನಂತರ ಇತರ ಪ್ರತಿಗಳನ್ನು ಅರಸಬೇಕು. ಒಂದು ಕಡೆ ನಶಿಸಿದ ಪಾಠ ದೂರದ ಊರಿನ ಯಾವುದೋ ಪ್ರತಿಯಲ್ಲಿ ಉಳಿದಿರಬಹುದು. ಇಷ್ಟನ್ನೂ ಬಲ್ಲವನೆಂದು ಸಂಬಳ ಪಡೆಯುವ ನಾನು ಏಳು ಅಂಗಡಿಗಳಲ್ಲಿ ಬರಿಯ ಹೆಸರನ್ನು ಜಪಿಸಿ ಬಂದಿದ್ದೆನು!

ಮೈಯ ದಪ್ಪ ಮತ್ತು ಬಾಯಿಗಳನ್ನು ಮೇಸ್ತ್ರಿಗಳು ವರ್ನಿಯರಿನಿಂದ ಅಳೆದರು: ದಪ್ಪ ಸುಮಾರು 38 ಮಿಲಿಮೀಟರು, ಪೆಟ್ರೋಲು ಒಳಗೆ ಬರುವುದು ತಳದಿಂದ, ಹೊರಗೆ ಹೋಗುವುದು ತಲೆಯಿಂದ. ಹರಿವಿನ ಲೆಕ್ಕವನ್ನು ತಂದೆಯವರು ಕಾಗದದ ಮೇಲೆ ಮಾಡಿದರು. 1.5 ಲೀಟರಿನ ಈ ಎಂಜಿನ್ನಿನ ಶಕ್ತಿ ಸುಮಾರು 80 ಅಶ್ವಶಕ್ತಿ. ಪೂರ್ಣ ಬಲದಿಂದ ದುಡಿದಾಗ ಅದಕ್ಕೆ ಗಂಟೆಗೆ ಸುಮಾರು 25 ಲೀಟರ್ ಪೆಟ್ರೋಲು ಬೇಕು. ಪಂಪು ಅದರ ಎರಡು ಮೂರು ಪಟ್ಟನ್ನು ಕಳುಹಿಸುತ್ತಿರಬೇಕು. ಮಿಕ್ಕದ್ದು ಇನ್ನೊಂದು ನಳಿಕೆಯಿಂದ ಟ್ಯಾಂಕಿಗೆ ಹಿಂದಿರುಗುತ್ತದೆ. ಉಳಿದುದು ಒತ್ತಡ. ಮೇಸ್ತ್ರಿಗಳು ಅನುಭವದಿಂದ 3 ಬಾರ್ ಎಂದರು. ಆದರೆ ಅದಕ್ಕೊಂದು ಲಿಖಿತ ಆಧಾರ ಬೇಕೆಂದು ನನ್ನ ಪಂಡಿತಹಠ. ಆಗ ನಾನು ಕಾರಿನ ವಂಶವೃಕ್ಷವನ್ನು ಹುಡುಕತೊಡಗಿದೆನು.

ಹುಡುಕಿದಾಗ ತಿಳಿದುದು ಇದು. ಈ ಕಾರು ಕೊರಿಯಾದಲ್ಲಿ ಹುಟ್ಟಿದುದೇ ಅಲ್ಲ. ಜರ್ಮನಿಯ ಓಪೆಲ್ ಸಂಸ್ಥೆ 1984ರಲ್ಲಿ ತಂದ ಕಾಡೆಟ್ ಎಂಬ ಕಾರು ಇದರ ಮೂಲಪುರುಷ. ಯೂರೋಪಿನಲ್ಲಿ 1985ರ ವರ್ಷದ ಕಾರೆಂದು ಆರಿಸಲ್ಪಟ್ಟುದು ಅದೇ. ಅದರ ಮಾದರಿಯನ್ನು ಪಡೆದು ಡೇವೂ 1986ರಲ್ಲಿ ಲೆಮ್ಯಾನ್ಸ್ ಎಂಬ ಕಾರನ್ನು ಮಾಡಿತು. ಅದನ್ನೇ ತಿದ್ದಿ 1994ರಲ್ಲಿ ಸಿಯೆಲೋ ಮಾಡಿತು. ಇದೇ ಕಾರಿಗೆ ಬೇರೆ ದೇಶಗಳಲ್ಲಿ ನೆಕ್ಸಿಯಾ ಎಂಬ ಹೆಸರು. ನಮ್ಮಲ್ಲಿ ಅನಾಥವಾದ ಈ ಗಾಡಿ ಉಜ್ಬೇಕಿಸ್ಥಾನದಲ್ಲಿ ನೆಕ್ಸಿಯಾ ಎಂಬ ಹೆಸರಿನಿಂದ 2016ರವರೆಗೆ ತಯಾರಾಗುತ್ತಲೇ ಇತ್ತು! ಕಾರ್ಖಾನೆ ಇದ್ದುದು ಆಂದಿಜಾನ್ ಪ್ರಾಂತದ ಅಸಾಕಾ ಎಂಬ ಊರಿನಲ್ಲಿ. ಈ ಸುದ್ದಿಯನ್ನು ಹೇಳಿದಾಗ ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು ಕುರ್ಚಿಯಿಂದ ಎದ್ದು ನಿಂತರು: “ಆಂದಿಜಾನ್! 1483ರಲ್ಲಿ ಬಾಬರ್ ಹುಟ್ಟಿದ ಊರು ಸ್ವಾಮಿ ಅದು!” ಫರ್ಘಾನದ ಆ ಕಣಿವೆಯಿಂದ ಹೊರಟವನೊಬ್ಬನು ಸಿಂಹಾಸನವನ್ನು ಅರಸಿ 1526ರಲ್ಲಿ ಪಾಣಿಪತ್ತಿಗೆ ಬಂದನು. ಹಾಸನದ ಕನ್ನಡ ಮೇಷ್ಟ್ರೊಬ್ಬನು ಪಂಪನ್ನು ಅರಸುತ್ತ ಅದೇ ಕಣಿವೆಗೆ ಮನಸ್ಸಿನಲ್ಲೇ ಪ್ರಯಾಣ ಮಾಡಿದನು.

ಅಲ್ಲಿಂದ ಪಂಪನ್ನು ತರಿಸಬೇಕಾಗಲಿಲ್ಲ. ನಮಗೆ ಬೇಕಾದ ಪಾಠ ಮಾತ್ರ ದೊರೆಯಿತು. ವಂಶ ಮುಂದುವರಿದಿದ್ದುದರಿಂದ ಅದರ ದುರಸ್ತಿಯ ಕೈಪಿಡಿಯೂ ಉಳಿದಿತ್ತು. ಅದರಲ್ಲಿ ಒತ್ತಡ 284ರಿಂದ 325 ಕಿಲೋಪಾಸ್ಕಲ್ ಎಂದಿತ್ತು. 100 ಕಿಲೋಪಾಸ್ಕಲ್ ಎಂದರೆ 1 ಬಾರ್. ಮೇಸ್ತ್ರಿಗಳ ಬಾಯಲ್ಲಿ ಬಂದ 3 ಅದರ ನಟ್ಟನಡುವೆ ಕುಳಿತಿತ್ತು. ಪುಸ್ತಕವನ್ನು ತೋರಿಸಿದಾಗ ಅವರು ಓದದೆಯೇ, “ಇರಲಿ ಬಿಡಿ, ಪುಸ್ತಕಕ್ಕೂ ಗೊತ್ತಿದೆಯಲ್ಲ, ಸಂತೋಷ” ಎಂದರು.

ಮೂರನೆಯ ಯಾತ್ರೆಯಲ್ಲಿ ಆ ವೃದ್ಧರ ಮುಂದೆ ಐದು ಅಳತೆಗಳ ಚೀಟಿಯನ್ನು ಇಟ್ಟೆನು. ಅವರು ಒಳಗಿನಿಂದ ಒಂದು ಡಬ್ಬಿಯನ್ನು ತಂದರು. ಅದರ ಮೇಲೆ ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿರುವ ಒಂದು ಚಿಕ್ಕ ಕಾರಿನ ಹೆಸರಿತ್ತು. ಇಂದಿನ ಕಾರುಗಳಲ್ಲಿ ಪಂಪು, ಜರಡಿ, ಪೆಟ್ರೋಲಿನ ಮಟ್ಟ ತೋರುವ ತೇಲು, ಎಷ್ಟೋ ವೇಳೆ ಒತ್ತಡದ ನಿಯಂತ್ರಕ, ಎಲ್ಲವೂ ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿ ಸೇರಿ ಬರುತ್ತವೆ. ಆ ಗೂಡು ನಮ್ಮ ಟ್ಯಾಂಕಿಗೆ ಹೊಂದುವಂತಿರಲಿಲ್ಲ. ಆದರೆ ಗೂಡನ್ನು ಬಿಚ್ಚಿದರೆ ಒಳಗಿದ್ದುದು ಅದೇ 38 ಮಿಲಿಮೀಟರಿನ ಉರುಳೆ. ಬಾಯಿಗಳೂ ಅದೇ, ಒತ್ತಡವೂ ಸಾಕಷ್ಟು. ಒಳಗಿನ ಉರುಳೆಯನ್ನು ಮಾತ್ರ ಅವರು ಬೇರೆಯಾಗಿ ಮಾರುತ್ತಿದ್ದರು. ಬೆಲೆ ಎರಡು ಸಾವಿರದ ನಾನೂರು ರೂಪಾಯಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಮಂಗಳವೆನ್ನಬಹುದಿತ್ತು. ಹೊಸ ಜರಡಿಯೊಡನೆ ಪಂಪು ಹಳೆಯ ಚೌಕಟ್ಟಿನಲ್ಲಿ ಕುಳಿತಿತು. ಗೇಜಿನ ಮುಳ್ಳು ಮೂರಕ್ಕೆ ಏರಿ ನಿಂತಿತು. ನಲವತ್ತು ದಿನ ಕಾರು ಚೆನ್ನಾಗಿ ಓಡಿತು. ನಲವತ್ತೊಂದನೆಯ ದಿನ ಶಾಂತಿಗ್ರಾಮದ ಬಳಿ ಮತ್ತೆ ಮುಗ್ಗರಿಸಿ ನಿಂತಿತು. ತಂದೆಯವರು ಸೀಟಿನ ಮೇಲೆ ಕೈಯಿಟ್ಟು, “ಪಂಪು ಓಡುತ್ತಿದೆ. ಬೇರೇನೋ ಆಗಿದೆ” ಎಂದರು. ತಮ್ಮನ ಮಾತನ್ನು ಕೇಳಬಾರದಿತ್ತೇ ಎಂದು ಆ ಸಂಜೆ ನನ್ನ ಮನಸ್ಸಿನಲ್ಲಿ ಬಾರದೆ ಇರಲಿಲ್ಲ. ನೋಂದಣಿಗೆ ಉಳಿದಿದ್ದುದು ಮೂರು ವಾರ.

ಗಾಡಿಯನ್ನು ಎಳೆಸಿ ತಂದು ಟ್ಯಾಂಕು ತೆರೆದಾಗ ಪಂಪು ನಿಜವಾಗಿಯೂ ನಿರಪರಾಧಿಯಾಗಿತ್ತು. ಅದರ ತಲೆಯಿಂದ ಲೋಹದ ನಳಿಕೆಗೆ ಹೋಗುವ ಗೇಣುದ್ದದ ರಬ್ಬರ್ ಹೋಸು ಊದಿ, ಮೆತ್ತಗಾಗಿ, ಸೀಳಿಹೋಗಿತ್ತು. ಪಂಪು ತಳ್ಳಿದ ಪೆಟ್ರೋಲೆಲ್ಲ ಆ ಸೀಳಿನಿಂದ ಟ್ಯಾಂಕಿಗೇ ಸುರಿಯುತ್ತಿತ್ತು. ಆ ಹೋಸನ್ನು ಊರಿನ ಅಂಗಡಿಯೊಂದರಿಂದ ತಂದವನು ನಾನೇ. ಪೆಟ್ರೋಲಿನ ಹೋಸೆಂದು ಕೇಳಿ ತಂದಿದ್ದೆನು, ಪೆಟ್ರೋಲಿನ ಹೋಸನ್ನೇ ಕೊಟ್ಟಿದ್ದರು. ಮೇಸ್ತ್ರಿಗಳು ಅದನ್ನು ಕತ್ತರಿಸಿ ತೋರಿಸಿದರು. ಸಾಮಾನ್ಯ ಹೋಸಿನ ಒಳಮೈ ಮಾತ್ರ ಪೆಟ್ರೋಲನ್ನು ತಡೆದುಕೊಳ್ಳುವಂಥದು. ಹೊರಮೈ ಗಾಳಿಯಲ್ಲಿರಲೆಂದು ಮಾಡಿದುದು. ಟ್ಯಾಂಕಿನೊಳಗೆ ಮುಳುಗಿದಾಗ ಹೊರಗಿನಿಂದ ನೆನೆದು ಕೊಳೆಯುತ್ತದೆ. ಒಳಗೂ ಹೊರಗೂ ತಡೆಯಬಲ್ಲ ಹೋಸೇ ಬೇರೆ. ಅದರ ಮೇಲೆ ಎಸ್. ಎ. ಇ. ಜೆ30 ಆರ್10 ಎಂಬ ಗುರುತಿರುತ್ತದೆ. ನೋಡಲು ಎರಡೂ ಒಂದೇ ಕಪ್ಪು. “ತಪ್ಪು ನಂದೂ ಇದೆ, ಮೇಷ್ಟ್ರೇ. ಗುರುತು ನೋಡದೆ ಹಾಕಿದೆ” ಎಂದು ಮೇಸ್ತ್ರಿಗಳು ತಲೆ ತಗ್ಗಿಸಿದರು. ನಲವತ್ತು ವರ್ಷ ಈ ಕಸುಬಿನಲ್ಲಿ ಪಳಗಿದ ಆ ಹಿರಿಯರು ನನ್ನ ಮುಂದೆ ತಪ್ಪೊಪ್ಪಿಕೊಂಡುದನ್ನು ಕಂಡು ನನ್ನ ವಿದ್ವತ್ತಿಗೆ ನಾಚಿಕೆಯಾಯಿತು. ಅಚ್ಚಾದ ಪುಸ್ತಕದಲ್ಲಿ ತಪ್ಪು ಪಾಠ ಕೊಟ್ಟ ನಾವು ಎಷ್ಟು ಮಂದಿ ಹೀಗೆ ಹೇಳಿದ್ದೇವೆ?

ಈ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. 1996ರ ಗಾಡಿಯ ರಬ್ಬರು ಭಾಗಗಳನ್ನು ಮಾಡಿದವರು ಅಂಥ ಮಿಶ್ರಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಹಳೆಯ ಗಾಡಿಗೆ ಹೊಸ ಭಾಗವನ್ನು ಅರಸುವವನು ಅಂದಿನ ಅಳತೆಯನ್ನು ಮಾತ್ರ ನೋಡಿದರೆ ಸಾಲದು, ಇಂದಿನ ಪೆಟ್ರೋಲನ್ನೂ ನೋಡಬೇಕು. ಹಳೆಯ ಕಾವ್ಯವನ್ನು ಸಂಪಾದಿಸುವವನು ಅದನ್ನು ಇಂದಿನ ಓದುಗನ ಕೈಗೆ ಕೊಡಬೇಕಷ್ಟೆ.

ಸರಿಯಾದ ಹೋಸು ಬೆಂಗಳೂರಿನಿಂದ ಬಂದಿತು, ಗೇಣುದ್ದದ ತುಂಡು. ಮೇಸ್ತ್ರಿಗಳು ಅದರ ಗುರುತನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಎರಡು ತುದಿಗೂ ಹೊಸ ಕ್ಲಿಪ್ಪು ಬಿಗಿದರು. ಹನ್ನೆರಡು ದಿನ ಉಳಿದಿರುವಾಗ ಕಾರು ತನ್ನ ಕಾಲ ಮೇಲೆಯೇ ತಪಾಸಣೆಗೆ ಹೋಗಿ ತೇರ್ಗಡೆಯಾಗಿ ಬಂದಿತು. ಇನ್ನು ಐದು ವರ್ಷ ಅದಕ್ಕೆ ರಸ್ತೆಯ ಹಕ್ಕುಂಟು.

ಅನಂತರ ಏನೆಂದು ತಮ್ಮನು ಕೇಳುತ್ತಾನೆ. ಅದಕ್ಕೆ ಉತ್ತರ ನನ್ನಲ್ಲಿಲ್ಲ. ಮೇಸ್ತ್ರಿಗಳ ಕೈಗಳು ಈಗಾಗಲೇ ನಡುಗುತ್ತವೆ; ಅವರ ಮಗ ಬೇರೆ ಕೆಲಸ ಹಿಡಿದಿದ್ದಾನೆ. ವಸ್ತುಗಳು ಅಳಿಯುವುದಕ್ಕೆ ಮುಂಚೆ ಅವುಗಳನ್ನು ಬಲ್ಲವರು ಅಳಿಯುತ್ತಾರೆ. ಹಸ್ತಪ್ರತಿಗಳ ಲೋಕದಲ್ಲಿಯೂ ಹೀಗೆಯೇ ಆಯಿತು. ಓಲೆಗಳು ಅಟ್ಟದ ಮೇಲೆ ಇದ್ದುವು, ಓದಬಲ್ಲವರು ಮನೆಯಲ್ಲಿರಲಿಲ್ಲ. ಆದುದರಿಂದ ನಾನು ಒಂದು ಕೆಲಸ ಮಾಡಿದೆನು. ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ತಾವು ಬರೆದ ದಿನವನ್ನೂ ಊರನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಕೈಮುಗಿಯುತ್ತಿದ್ದರು. ಅದೇ ರೀತಿ ಒಂದು ಹಾಳೆಯಲ್ಲಿ ಒತ್ತಡ, ಹರಿವು, ದಪ್ಪ, ಬಾಯಿ, ಕೊಂಡಿ ಎಂಬ ಐದು ಅಳತೆಗಳನ್ನೂ ಹೋಸಿನ ಗುರುತನ್ನೂ ಬರೆದು, ‘ಟ್ಯಾಂಕು ಕಾಲುಭಾಗಕ್ಕಿಂತ ಕಡಮೆಯಾಗದಂತೆ ನೋಡಿಕೊಳ್ಳಿ’ ಎಂಬ ಮೇಸ್ತ್ರಿಗಳ ಮಾತನ್ನೂ ಸೇರಿಸಿ, ಗಾಡಿಯ ಪತ್ರಗಳ ಜೊತೆಗೆ ಇಟ್ಟಿದ್ದೇನೆ. ಮುಂದೆ ಈ ಕಾರು ಯಾರ ಕೈ ಸೇರುವುದೋ ಅವರಿಗೆ ಅದು ಸಿಕ್ಕೀತು. ಹೆಸರನ್ನು ಹಿಡಿದು ಏಳು ಅಂಗಡಿ ಅಲೆಯುವ ಕಷ್ಟ ಅವರಿಗೆ ತಪ್ಪೀತು.

ತಪಾಸಣೆಯಾದ ಮರುದಿನ ಭಾನುವಾರ. ತಂದೆಯವರು ಒಗೆದ ಪಂಚೆಯುಟ್ಟು ಬಂದು ತಮ್ಮ ಸ್ಥಾನದಲ್ಲಿ ಕುಳಿತರು. “ಎಲ್ಲಿಗೆ ಹೋಗೋಣ ಅಪ್ಪ?” ಎಂದು ಕೇಳಿದೆನು. “ಅಂದು ಬೇಲೂರಿನಿಂದ ಅರ್ಧ ದಾರಿ ಭಯದಲ್ಲೇ ಬಂದೆವಲ್ಲ. ಅಲ್ಲಿಗೇ ಹೋಗು” ಎಂದರು. ನಾನು ಕೀಲಿಯನ್ನು ಅರ್ಧ ತಿರುಗಿಸಿ ನಿಲ್ಲಿಸಿದೆನು. ಕನ್ನಡಿಯಲ್ಲಿ ನೋಡಿದರೆ ಅವರ ಬಲಗೈ ಸೀಟಿನ ಮೇಲೆ ಅಂಗೈ ಊರಿತ್ತು. ಒಂದು, ಎರಡು. ಸದ್ದು ನಿಂತಿತು.

“ಹೂಂ, ಬಂತು. ಇನ್ನು ಹೊರಡು” ಎಂದರು.